ಹಿರಿಯರ ಪೀಠದ ಮುಂದೆ ಪಾಳಿಯಪ್ಪ

ದೊಡ್ಡವರ ಕೋಣೆಯಿಂದ ಕರೆ ಬಂದಾಗ ಪಾಳಿಯಪ್ಪ ಚಕ್ರ ತಿರುಗಿಸುತ್ತಿದ್ದ.

ಚಕ್ರವೆಂದರೆ ರಟ್ಟಿನದು. ಒಂದರ ಮೇಲೊಂದು ಕೂರಿಸಿ, ನಡುವೆ ಕೋಟಿನ ಗುಂಡಿ ಹಾಕಿ ಹೊಲಿದ ಎರಡು ದುಂಡನೆಯ ಬಿಲ್ಲೆಗಳು. ಹೊರಗಿನ ಬಿಲ್ಲೆಯ ಅಂಚಿನಲ್ಲಿ ಆ ವೃದ್ಧಾಶ್ರಮದ ಕೆಲಸಗಳೆಲ್ಲ ಇದ್ದವು: ಮೇಲಂತಸ್ತಿನ ಸ್ನಾನ, ಕೆಳಗಿನ ಊಟದ ಕೋಣೆ, ಹಾಸಿಗೆ, ಔಷಧಿ, ಬಟ್ಟೆ ಒಗೆತ. ಒಳಗಿನ ಬಿಲ್ಲೆಯಲ್ಲಿ ಆರೈಕೆ ಮಾಡುವವರ ಹೆಸರುಗಳು. ಪ್ರತಿ ಸೋಮವಾರ ಬೆಳಿಗ್ಗೆ ಒಳಬಿಲ್ಲೆಯನ್ನು ಒಂದು ಮನೆ ಮುಂದಕ್ಕೆ ಸರಿಸಿದರೆ ಆ ವಾರದ ಪಾಳಿ ಸಿದ್ಧ. ಯಾರಿಗೂ ಒಂದೇ ಕೆಲಸ ಎರಡು ವಾರ ಸಿಗದು. ಯಾರೂ ಯಾರ ಮೇಲೂ ದೂರು ಹೇಳುವಂತಿಲ್ಲ. ಇಷ್ಟು ನಿಷ್ಪಕ್ಷಪಾತವಾಗಿ ತಿರುಗುವ ವಸ್ತು ಭೂಮಿಯನ್ನು ಬಿಟ್ಟರೆ ತನ್ನ ಚಕ್ರವೊಂದೇ ಎಂದು ಅವನು ನಂಬಿದ್ದ. ಪಾಳಿ ಹಾಕುವವನಾದ್ದರಿಂದ ಪಾಳಿಯಪ್ಪ. ನಿಜವಾದ ಹೆಸರು ಅವನ ಹೆಂಡತಿಗೂ ಸ್ವಲ್ಪ ಯೋಚಿಸಿದರಷ್ಟೇ ನೆನಪಾಗುತ್ತಿತ್ತು.

ದೊಡ್ಡವರು ಎಂದರೆ ಆಶ್ರಮದ ನಿರ್ದೇಶಕರು. ಅವರು ಕುಳಿತು ಬೈದರೆ ಬದುಕಿಕೊಳ್ಳಬಹುದು, ನಿಂತು ಬೈದರೆ ಕಷ್ಟ ಎಂಬುದು ಅಲ್ಲಿನವರ ಅನುಭವ. ಪಾಳಿಯಪ್ಪ ಬಾಗಿಲು ತಳ್ಳಿದಾಗ ಅವರು ನಿಂತಿದ್ದರು. ಅಷ್ಟೇ ಅಲ್ಲ, ನಗುತ್ತಿದ್ದರು. ಇದು ಯಾರ ಅನುಭವಕ್ಕೂ ಸಿಕ್ಕದ ಸ್ಥಿತಿಯಾದ್ದರಿಂದ ಅವನು ಹೊಸ್ತಿಲ ಮೇಲೇ ನಿಂತುಬಿಟ್ಟ.

"ಏನ್ರೀ ಪಾಳಿಯಪ್ಪ, ನಮ್ಮ ಹಿರಿಯರ ಪೀಠ ನೋಡೋಕೆ ಹೊರದೇಶದಿಂದ ಮೇಡಂ ಒಬ್ರು ಬರ್ತಿದಾರೆ. ಮುಂದಿನ ಗುರುವಾರ."

ಪಾಳಿಯಪ್ಪ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

ಆ ಪೀಠದ ಮೂಲವನ್ನು ಬಲ್ಲವನು ಭೂಮಂಡಲದಲ್ಲಿ ಪಾಳಿಯಪ್ಪ ಒಬ್ಬನೇ. ಹಿಂದಿನ ವರ್ಷ ಹಲವು ದೇಶಗಳ ಆರೈಕೆ ಮನೆಗಳವರು, ಮಾತು ದಾಟಿಸುವವರನ್ನೂ ಇಟ್ಟುಕೊಂಡು, ಕಂಪ್ಯೂಟರ್ ಪರದೆಯ ಮೇಲೆ ಒಂದು ಸಭೆ ನಡೆಸಿದ್ದರು. ವಿಷಯ ಘನವಾದದ್ದು: ಸಿಬ್ಬಂದಿ ನೇಮಕದಲ್ಲಿ ಉತ್ತಮ ಪದ್ಧತಿಗಳ ವಿನಿಮಯ. ಅಂದು ದೊಡ್ಡವರು ದವಡೆ ಹಲ್ಲು ಕೀಳಿಸಿಕೊಂಡು ಮುಖ ಊದಿಸಿಕೊಂಡಿದ್ದರಿಂದ, ಕ್ಯಾಮೆರಾ ಮುಂದೆ ತಲೆಯಾಡಿಸುತ್ತ ಕೂರಬೇಕು, ಬಾಯಿ ಮಾತ್ರ ತೆರೆಯಬಾರದು ಎಂದು ಕಟ್ಟಪ್ಪಣೆ ಮಾಡಿ ಪಾಳಿಯಪ್ಪನನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಅವನು ತಲೆಯಾಡಿಸಿದ. ಒಂದು ದೇಶದವರು ಹೊಸಬರಿಗೆ ಸೈಕಲ್ ಕೊಡುತ್ತೇವೆ ಎಂದರು, ತಲೆಯಾಡಿಸಿದ. ಇನ್ನೊಂದು ದೇಶದವರು ಕೆಲಸಗಾರರ ಮಕ್ಕಳಿಗೆ ಶಾಲೆ ನಡೆಸುತ್ತೇವೆ ಎಂದರು, ಇನ್ನೂ ಜೋರಾಗಿ ಆಡಿಸಿದ. ಇಷ್ಟು ಒಪ್ಪಿಗೆಯಿಂದ ತಲೆಯಾಡಿಸುವವನ ಬಳಿ ಏನೋ ದೊಡ್ಡದು ಇರಬೇಕೆಂದು ಎಲ್ಲರಿಗೂ ಅನಿಸಿತು. ಕನ್ನಡಕದ ಮೇಡಂ ಒಬ್ಬರು, ನೀವು ಜನರನ್ನು ಹೇಗೆ ಆರಿಸುತ್ತೀರಿ ಎಂದು ನೇರವಾಗಿ ಕೇಳಿಬಿಟ್ಟರು.

ಸತ್ಯ ಸರಳವಾಗಿತ್ತು. ಬಾಗಿಲಿಗೆ ಬಂದವರಿಗೆ ಎರಡು ಕೈ ಇರಬೇಕು ಮತ್ತು ಅವರು ಸೋಮವಾರದಿಂದ ಬರಲು ಒಪ್ಪಬೇಕು. ಈ ಎರಡು ಷರತ್ತುಗಳಲ್ಲಿ ಎರಡನೆಯದೇ ಕಠಿಣವಾದದ್ದು. ಆದರೆ ಸೈಕಲ್ಲು, ಶಾಲೆಗಳ ನಡುವೆ ಅದನ್ನು ಹೇಗೆ ಹೇಳುವುದು? ಗಾಜಿನ ಬಾಗಿಲಾಚೆ ಹಿರಿಯರೊಬ್ಬರು ಹೊಸ ಸಹಾಯಕಿಯನ್ನು ನಿಲ್ಲಿಸಿಕೊಂಡು, ನಿನ್ನನ್ನು ಕೆಲಸಕ್ಕೆ ತೆಗೆದುಕೊಂಡ ಪುಣ್ಯಾತ್ಮ ಯಾರು ಎಂದು ಗದರುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ಬಾಯಿ ತನ್ನಷ್ಟಕ್ಕೆ ತಾನೇ ತೆರೆಯಿತು. ನಮ್ಮಲ್ಲಿ ಹಿರಿಯರೇ ಪೀಠ ಕಟ್ಟಿಕೊಂಡು ಕೂತು, ತಮ್ಮನ್ನು ನೋಡಿಕೊಳ್ಳುವವರನ್ನು ತಾವೇ ಪ್ರಶ್ನೆ ಕೇಳಿ ಆರಿಸುತ್ತಾರೆ ಎಂದ. ಪರದೆಯ ತುಂಬ ಚಪ್ಪಾಳೆ. ಆ ದಿನ ಅವನು ಮನೆಗೆ ಹೋಗಿ ಎರಡು ಪಟ್ಟು ಊಟ ಮಾಡಿ ಮಲಗಿದ. ವಾರದೊಳಗೆ ಮರೆತೂ ಬಿಟ್ಟ.

ಕನ್ನಡಕದ ಮೇಡಂ ಮರೆತಿರಲಿಲ್ಲ. ತಮ್ಮ ಜಿಲ್ಲೆಯ ಆರೈಕೆ ಮನೆಗಳಲ್ಲೆಲ್ಲ ಹಿರಿಯರ ಪೀಠ ಕೂರಿಸಿದ್ದರು. ಬಂದ ಕೆಲಸಗಾರರು ಬಂದ ಹಾಗೇ ಓಡಿಹೋಗುವುದು ಅಲ್ಲಿ ನಿಂತುಹೋಗಿತ್ತು. ಈಗ ಪೀಠ ಹುಟ್ಟಿದ ಜಾಗವನ್ನು ನೋಡಿ, ಅದು ನಡೆಯುವ ರೀತಿಯನ್ನು ಮೂಲದಲ್ಲೇ ಕಲಿಯಲು ಬರುವವರಿದ್ದರು.

ಈಗಲೇ ಕಾಲು ಹಿಡಿದುಬಿಡೋಣ ಎಂದು ಪಾಳಿಯಪ್ಪ ಬಾಗಿದ. ಆದರೆ ದೊಡ್ಡವರು ಅವನಿಗಿಂತ ಮುಂದೆ ಹೋಗಿದ್ದರು. ಪೀಠ ಇದೆ, ತನ್ನ ಮೂಗಿನಡಿಯಲ್ಲೇ ನಡೆಯುತ್ತಿದೆ, ತನಗೊಬ್ಬನಿಗೇ ತಿಳಿಯದೆ ಹೋಗಿದೆ ಎಂದೇ ಅವರ ತಿಳುವಳಿಕೆ. ತಿಳಿದಿಲ್ಲವೆಂದು ತೋರಿಸಿಕೊಳ್ಳುವುದು ನಿರ್ದೇಶಕರಿಗೆ ಒಪ್ಪುವ ಮಾತಲ್ಲ. ಆಗಲೇ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಫೋನು ಮಾಡಿ, ನಾನು ಶುರು ಮಾಡಿದ ಪೀಠಕ್ಕೆ ಹೊರದೇಶದ ಮನ್ನಣೆ ಸಿಕ್ಕಿದೆ ಎಂದಿದ್ದರು. ಅಧ್ಯಕ್ಷರು, ಆ ಪೀಠವನ್ನು ನಾನು ಮೊದಲಿನಿಂದಲೂ ಹೊಗಳುತ್ತಲೇ ಇದ್ದೇನಲ್ಲ ಎಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಅಡುಗೆಯಾಕೆ, ಪೀಠಕ್ಕೆ ಚಹಾ ಕೊಡುವವಳೇ ನಾನು ಎಂದು ಹೇಳಿಕೊಳ್ಳುತ್ತಿದ್ದಳು. ಸಂಜೆಯ ಹೊತ್ತಿಗೆ ಪೀಠವನ್ನು ನೋಡದವರು ಆಶ್ರಮದಲ್ಲಿ ಒಬ್ಬರೂ ಉಳಿದಿರಲಿಲ್ಲ. ತಾನು ಹೇಳಿದ್ದು ಸುಳ್ಳೋ ನಿಜವೋ ಎಂದು ಪಾಳಿಯಪ್ಪನಿಗೇ ಅನುಮಾನ ಬರತೊಡಗಿತು.

ದೊಡ್ಡವರ ಕೊನೆಯ ಮಾತಿನಲ್ಲಿ ಮಾತ್ರ ಅನುಮಾನಕ್ಕೆ ಎಡೆಯಿರಲಿಲ್ಲ. "ನಿಮ್ಮದಿನ್ನೂ ತಾತ್ಕಾಲಿಕ ನೇಮಕ, ಗೊತ್ತಲ್ಲ? ಮೇಡಂ ಖುಷಿಯಾಗಿ ಹೋದ್ರೆ ಖಾಯಂ ಮಾಡ್ತೀನಿ. ಮುಖ ಸಪ್ಪಗೆ ಮಾಡ್ಕೊಂಡು ಹೋದ್ರೆ ನೀವೂ ಅವರ ಹಿಂದೇನೇ ಹೊರಟುಬಿಡಿ."

ಕೆಲಸದ ಜೊತೆಗೇ ಹೋಗುವುದು ಇನ್ನೊಂದಿತ್ತು. ಒಗೆತದ ಕೋಣೆಯ ಹಿಂದೆ ಆಶ್ರಮದವರು ಕೊಟ್ಟ ಎರಡು ಕೋಣೆಗಳಲ್ಲಿ ಅವನ ಸಂಸಾರವಿತ್ತು. ಗೋಡೆ ಸದಾ ಬೆಚ್ಚಗೆ, ಸದಾ ಸೋಪಿನ ವಾಸನೆ. ಆದರೂ ತಲೆಯ ಮೇಲೊಂದು ಸೂರು.

ಹೆಂಡತಿ ಎಲ್ಲವನ್ನೂ ಕೇಳಿದಳು. ಅಳಲಿಲ್ಲ, ಬೈಯಲಿಲ್ಲ. ಆರಿದ ಬಟ್ಟೆ ಮಡಿಸುತ್ತಲೇ ಹೇಳಿದಳು: "ಅತ್ತೆ ಹತ್ರ ಹೋಗಿ."

"ಬೇರೆ ದಾರಿ ಇಲ್ವಾ?"

"ಇದೆ. ಸಾಮಾನು ಕಟ್ಟೋದು."

ಅತ್ತೆ ಎಂದರೆ ಅವಳ ಸೋದರತ್ತೆ, ನಿವೃತ್ತ ಶಾಲಾ ಇನ್‌ಸ್ಪೆಕ್ಟರ್. ಕೆಲಸದಲ್ಲಿದ್ದಾಗ ಅವರ ಜೀಪು ರಸ್ತೆಯ ತಿರುವಿನಲ್ಲಿ ಕಂಡರೆ ಹೆಡ್‌ಮಾಸ್ಟರುಗಳು ಶಾಲೆಯ ಹಿತ್ತಲ ಬೇಲಿ ಹಾರುತ್ತಿದ್ದರಂತೆ. ಮಂಡಿ ಕೈಕೊಟ್ಟ ಮೇಲೆ, ಯಾರ ಮನೆಯಲ್ಲೂ ಯಾರ ಹಂಗಿನಲ್ಲೂ ಇರಲಾರೆ ಎಂದು ತಾವಾಗಿಯೇ ಬಂದು ಆಶ್ರಮದ ಮೇಲಂತಸ್ತನ್ನು ಸೇರಿಕೊಂಡಿದ್ದರು. ಹಿಂದಿನ ವರ್ಷ ಗಾಜಿನ ಬಾಗಿಲಾಚೆ ಗದರುತ್ತಿದ್ದವರೂ ಅವರೇ. ಮೇಲಂತಸ್ತಿನ ಮೆಟ್ಟಿಲನ್ನು ಪಾಳಿಯಪ್ಪ ತಪ್ಪಿಯೂ ತುಳಿಯುತ್ತಿರಲಿಲ್ಲ. ಅಲ್ಲಿಗೆ ಹೋಗಬೇಕಾದದ್ದು ಚಕ್ರದಲ್ಲಿ ಹೆಸರಿದ್ದವರು, ಚಕ್ರ ಮಾಡಿದವನಲ್ಲ ಎಂಬುದು ಅವನ ವಾದ. ಅತ್ತೆ ಅವನನ್ನು ಸಾಧಾರಣವಾಗಿ ನೀನು ಎನ್ನುತ್ತಿದ್ದರು. ಎಂದಾದರೂ ನೀವು ಎಂದರೆ ಪ್ರಾಣಕ್ಕೆ ಸಂಚಕಾರ ಬಂತೆಂದೇ ಅರ್ಥ.

ಅತ್ತೆ ಕಿಟಕಿಯ ಬಳಿ ಕೂತು ಪೆನ್ಸಿಲು ಹೆರೆಯುತ್ತಿದ್ದರು. ಅವನು ನಿಂತಲ್ಲೇ ನಿಂತು, ಹಲ್ಲು ನೋವಿನಿಂದ ಚಪ್ಪಾಳೆಯವರೆಗೆ ಎಲ್ಲವನ್ನೂ ಒಪ್ಪಿಸಿದ.

"ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ," ಎಂದರು ಅತ್ತೆ.

ಬಹುವಚನ. ಅವನು ಕೂರಲಿಲ್ಲ, ಕುಸಿದ.

"ನಾವೇ ಕೂತು ನಮ್ಮ ಜನರನ್ನ ಆರಿಸ್ಕೊತೀವಿ ಅಂತ ಹೊರದೇಶಕ್ಕೆ ಹೇಳಿದೀರಿ. ಇಷ್ಟು ವರ್ಷದಲ್ಲಿ ನಮ್ಮನ್ನ ಯಾರಾದ್ರೂ ಒಂದು ಮಾತು ಕೇಳಿದ್ದುಂಟಾ? ಈ ಕಿಟಕಿ ತೆಗೀಲಾ, ಮುಚ್ಲಾ ಅಂತ ಕೂಡ ಕೇಳಿಲ್ಲ. ಬರ್ತಾರೆ, ತೆಗೀತಾರೆ. ಇನ್ನೊಬ್ರು ಬರ್ತಾರೆ, ಮುಚ್ತಾರೆ."

ಅತ್ತೆ ಪೆನ್ಸಿಲಿನ ಮೊನೆಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದರು.

"ಸುಳ್ಳು ಮಾತ್ರ ಚೆನ್ನಾಗಿದೆ. ನಿನ್ನ ತಲೆಗೆ ಮೀರಿದ್ದು. ಸರಿ, ಪೀಠ ಕೂರುತ್ತೆ. ಆದ್ರೆ ನಾಟಕ ಆಡಲ್ಲ. ನಾವು ಬೇಕು ಅಂದ್ರೆ ಬೇಕು, ಬೇಡ ಅಂದ್ರೆ ಬೇಡ. ನಿಮ್ಮ ದೊಡ್ಡವರ ಹತ್ರ ಮಾತು ತಗೊಂಡು ಬಾ."

ಏಕವಚನಕ್ಕೆ ಇಳಿದದ್ದೇ ಸಾಕೆಂದು ಅವನು ಓಡಿದ. ಷರತ್ತು ಕೇಳಿ ದೊಡ್ಡವರಿಗೆ ಆಶ್ಚರ್ಯವಾಯಿತು. ಪೀಠ ನಡೀತಿರೋದೇ ಹಾಗಲ್ವೇನ್ರೀ ಎಂದು ಕೇಳಿ, ಕೈ ಬೀಸಿ ಒಪ್ಪಿಗೆ ಕೊಟ್ಟುಬಿಟ್ಟರು.

ಗುರುವಾರ ಬಂತು. ಬರಬಾರದೆಂದು ಬೇಡಿಕೊಂಡ ದಿನಗಳು ಸಾಮಾನ್ಯವಾಗಿ ಬೇಗನೆ ಬರುತ್ತವೆ.

ಮೇಡಂ ಸಣ್ಣ ಆಳು, ದೊಡ್ಡ ಕನ್ನಡಕ. ಜೊತೆಗೆ ಅವರ ಮಾತನ್ನು ಇತ್ತ, ಇವರ ಮಾತನ್ನು ಅತ್ತ ದಾಟಿಸಲು ಒಬ್ಬ ದುಭಾಷಿ; ಎರಡೂ ಕಡೆಯವರ ಕೋಪಕ್ಕೆ ತಾನೇ ಹೊಣೆ ಎಂಬಂತೆ ಸದಾ ಕೈಮುಗಿದುಕೊಂಡಿರುತ್ತಿದ್ದ ನರಪೇತಲ. ಆಶ್ರಮವನ್ನು ತೋರಿಸುತ್ತ ಹೋದಂತೆ ಪಾಳಿಯಪ್ಪನಿಗೆ ಅರ್ಥವಾದ ಭಯಂಕರ ಸಂಗತಿಯೆಂದರೆ, ಮೇಡಂ ಹೊಗಳಲು ಬಂದವರಲ್ಲ, ಸಂದೇಹಗಳನ್ನು ಹೊತ್ತು ತಂದವರು. ಅಲ್ಲಿ ಪೀಠ ನಿಜವಾಗಿಯೂ ನಡೆಯುತ್ತಿದ್ದುದರಿಂದ ಅದರ ತೊಡಕುಗಳೂ ನಿಜವಾಗಿದ್ದವು. ಪೀಠದವರಲ್ಲಿ ಇಬ್ಬರು ಜಗಳವಾಡಿದರೆ ಮೂಲ ಪದ್ಧತಿಯಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು. ಊಟಕ್ಕೆ ಕರೆಯುತ್ತೇವೆ ಎಂದ ಪಾಳಿಯಪ್ಪ. ಮೇಡಂ ಕಣ್ಣರಳಿಸಿ ಬರೆದುಕೊಂಡರು. ನಿರ್ದೇಶಕರಿಗೆ ಇಷ್ಟವಿಲ್ಲದವರನ್ನು ಪೀಠ ಆರಿಸಿದರೆ? ನಿರ್ದೇಶಕರು ಸುಮ್ಮನಿರುತ್ತಾರೆ ಎಂದ. ಪಕ್ಕದಲ್ಲೇ ಇದ್ದ ದೊಡ್ಡವರು ಸುಮ್ಮನಿದ್ದರು, ಅದನ್ನೂ ಬರೆದುಕೊಂಡರು. ಒಂದೊಂದು ಉತ್ತರವೂ ಸಮುದ್ರ ದಾಟಿ ಹೋಗಿ ಯಾರ್ಯಾರದೋ ಅನ್ನಕ್ಕೆ ಸಂಬಂಧಪಡುತ್ತದೆಂಬುದು ನೆನಪಾದಾಗಲೆಲ್ಲ ಅವನು ಮುಂದಿನ ಉತ್ತರವನ್ನು ಇನ್ನೂ ಚಿಕ್ಕದು ಮಾಡುತ್ತಿದ್ದ.

ಊಟದ ಕೋಣೆಯಲ್ಲಿ ಪೀಠ ಕೂತಿತು. ನಡುವೆ ಇನ್‌ಸ್ಪೆಕ್ಟರ್ ಅತ್ತೆ. ಬಲಕ್ಕೆ ಕಂಡಕ್ಟರ್ ತಾತ. ಬದುಕಿಡೀ ಬಸ್ಸಿನಲ್ಲಿ ನಿಂತೇ ಕಳೆದವರು, ಕೂತಾಗಲೂ ಸ್ವಲ್ಪ ತೂಗುತ್ತಿದ್ದರು. ಎಡಕ್ಕೆ ಟೈಲರ್ ಅಜ್ಜಿ. ಕಿವಿ ಮಂದವಾದ್ದರಿಂದ ಮಾತನ್ನು ನಂಬುವುದನ್ನು ಬಿಟ್ಟು, ಜನರ ಕೈಗಳನ್ನಷ್ಟೇ ನೋಡುತ್ತಿದ್ದರು. ಎದುರಿಗೆ ಅಭ್ಯರ್ಥಿಗೊಂದು ಕುರ್ಚಿ. ಒಂದು ಪಕ್ಕದಲ್ಲಿ ಮೇಡಂ, ದುಭಾಷಿ, ದೊಡ್ಡವರು. ಬಾಗಿಲ ತುಂಬ ಆಶ್ರಮದ ಜನ. ಅಡುಗೆಯಾಕೆ ಪೀಠಕ್ಕೆ ಮೊಟ್ಟಮೊದಲ ಬಾರಿಗೆ ಎಂದಿನಂತೆ ಚಹಾ ತಂದಿಟ್ಟಳು.

ಅಭ್ಯರ್ಥಿಯನ್ನು ಪಾಳಿಯಪ್ಪ ಹೇಗೋ ಹುಡುಕಿ ತಂದಿದ್ದ. ಬಿಸ್ಕತ್ತು ಕಾರ್ಖಾನೆಯಲ್ಲಿ ಡಬ್ಬ ತುಂಬುತ್ತಿದ್ದ ಗಟ್ಟಿಮುಟ್ಟಾದ ಹೆಂಗಸು, ಸೋಮವಾರದಿಂದ ಬರಲು ಒಪ್ಪಿದ್ದಳು. ಅವಳು ಬಾಗಿಲಲ್ಲಿ ನಿಂತು ಅತ್ತೆಯನ್ನು ನೋಡಿದಳು. ಅತ್ತೆ ಅವಳನ್ನು ನೋಡಿದರು. ಕೈತೊಳೆಯುವ ಜಾಗ ಎಲ್ಲಿ ಎಂದು ಅವಳು ಮೆಲ್ಲಗೆ ಕೇಳಿ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಒಗೆತದ ಕೋಣೆಯಿಂದ ಪಾಳಿಯಪ್ಪನ ಹೆಂಡತಿ ಬಂದು, ಹಿಂಬಾಗಿಲಿನಿಂದ ಯಾರೋ ಓಡುತ್ತ ಹೋದರಲ್ಲ, ಯಾರದು ಎಂದು ವಿಚಾರಿಸಿದಳು.

ಖಾಲಿ ಕುರ್ಚಿ. ಮೇಡಂ ಗಡಿಯಾರ ನೋಡಿಕೊಂಡರು. ದೊಡ್ಡವರು ಪಾಳಿಯಪ್ಪನನ್ನು ನೋಡಿದ ನೋಟದಲ್ಲಿ, ಎರಡು ಕೋಣೆಗಳಿಂದ ಪಾತ್ರೆಪಡಗಗಳು ಆಗಲೇ ಹೊರಬೀಳುತ್ತಿದ್ದವು.

"ಯಾಕೆ ಎಲ್ಲ ಮುಖ ಮುಖ ನೋಡ್ಕೊಳ್ತೀರಿ?" ಎಂದರು ಅತ್ತೆ. "ಖಾಯಂ ಆಗಬೇಕಾದವರು ಒಬ್ರು ಇಲ್ಲೇ ನಿಂತಿದಾರಲ್ಲ. ಬನ್ನಿ ಅಳಿಯಂದ್ರೇ. ಕೂತ್ಕೊಳ್ಳಿ."

ಪಾಳಿಯಪ್ಪ ಆ ಕುರ್ಚಿಯವರೆಗೆ ನಡೆದುದನ್ನು ಕಂಡವರು, ಮನುಷ್ಯ ತನ್ನ ಕಾಲುಗಳಿಲ್ಲದೆಯೂ ನಡೆಯಬಲ್ಲ ಎಂದು ಆಮೇಲೆ ಸಾಕ್ಷಿ ಹೇಳುತ್ತಿದ್ದರು. ಅತ್ತೆ ಹೆಸರು ಕೇಳಿದರು. ಪಾಳಿಯಪ್ಪ ಎಂದ. ನಿಜವಾದ ಹೆಸರು ಹೇಳು ಎಂದರು. ಅವನು ಹೆಂಡತಿಯ ಕಡೆಗೊಮ್ಮೆ ನೋಡಿ, ನೆನಪು ಮಾಡಿಕೊಂಡು ಹೇಳಿದ. ಅಲ್ಲಿದ್ದ ಅರ್ಧ ಜನ ಅದನ್ನು ಮೊದಲ ಸಲ ಕೇಳಿದರು.

"ಈ ಪೀಠ ಶುರುವಾಗಿದ್ದು ಯಾವಾಗ?"

ಇದು ಅವನು ಕನಸಿನಲ್ಲೂ ನಿರೀಕ್ಷಿಸದಿದ್ದ ಪ್ರಶ್ನೆ. ಎಲ್ಲರನ್ನೂ ಬಿಟ್ಟು ಅತ್ತೆಯೇ ಕೇಳಬೇಕೆ? ದೊಡ್ಡವರ ಕಡೆ ನೋಡಿದ. ದೊಡ್ಡವರು ನಗುತ್ತ, ಹೇಳ್ರೀ ಹೇಳಿ ಎಂಬಂತೆ ಹುಬ್ಬು ಹಾರಿಸಿದರು. ಸುಳ್ಳೊಂದು ನಾಲಿಗೆಯ ತುದಿಗೆ ಬಂದು ನಿಂತಿತು.

"ಸುಳ್ಳಿನ ಮೇಲೆ ಕುರ್ಚಿ ಹಾಕ್ಕೊಂಡು ನಾನು ಪ್ರಶ್ನೆ ಕೇಳೋಳಲ್ಲ," ಎಂದರು ಅತ್ತೆ, ಪೆನ್ಸಿಲನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ. "ಹೇಳು."

"ಇವತ್ತು," ಎಂದ ಪಾಳಿಯಪ್ಪ.

ದುಭಾಷಿ ಆ ಒಂದು ಪದವನ್ನು ದಾಟಿಸುವ ಮೊದಲು ಎರಡು ಬಾರಿ ಕೈಮುಗಿದ. ದಾಟಿಸಿದ. ಮೇಡಂ ಪೆನ್ನಿನ ಕ್ಯಾಪು ಹಾಕಿದರು. ಕನ್ನಡಕ ತೆಗೆದು ಒರೆಸಿದರು. ಅವರ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು. ದುಭಾಷಿ ದಾಟಿಸಿ ಹೇಳಿದ್ದರ ಸಾರಾಂಶವಿಷ್ಟು: ಈ ಪೀಠವನ್ನು ಇಲ್ಲಿಗೇ ಬಂದು ಕಣ್ಣಾರೆ ಕಂಡಿದ್ದೇನೆ ಎಂದು ಮೇಡಂ ತಮ್ಮ ಇಲಾಖೆಗೆ ಹೋದ ವರ್ಷವೇ ಹೇಳಿಬಿಟ್ಟಿದ್ದರು. ಹಾಗೆ ಹೇಳದಿದ್ದರೆ ಒಪ್ಪಿಗೆ ಸಿಗುತ್ತಿರಲಿಲ್ಲ. ಹೇಳಿದ್ದನ್ನು ನಿಜ ಮಾಡಿಕೊಳ್ಳಲೆಂದೇ ಈಗ ಬಂದದ್ದು.

ದೊಡ್ಡವರ ನಗು ಇನ್ನೂ ಮುಖದ ಮೇಲೇ ಇತ್ತು, ಆದರೆ ಒಳಗೆ ಯಾರೂ ಇರಲಿಲ್ಲ. ನಾನು ಶುರು ಮಾಡಿದ್ದು ಎಂದು ಅಧ್ಯಕ್ಷರಿಗೆ ಹೇಳಿದ್ದ ಮಾತು ಅವರ ಕಣ್ಣಮುಂದೆ ಹಾದುಹೋಗುತ್ತಿರಬೇಕು.

ಮೊದಲು ಚೇತರಿಸಿಕೊಂಡವರು ಮೇಡಂ. ಇಲ್ಲಿ ಪೀಠವೇ ಇರಲಿಲ್ಲವೆಂದಾದರೆ, ಜಗತ್ತಿನಲ್ಲಿ ಮೊದಲು ನಡೆಸಿದವರು ನಾವೇ ಎಂದಾಯಿತಲ್ಲ ಎಂದು ಅವರು ಕೇಳಿದರು. ದೊಡ್ಡವರು ಕೂಡಲೇ ಎದ್ದರು. ನಡೆಸಿದ್ದು ನೀವಿರಬಹುದು, ಹುಟ್ಟಿದ್ದು ಇಲ್ಲಿ ಎಂದರು. ಹುಟ್ಟಲಿಲ್ಲ, ಬರೀ ಬಾಯಿಗೆ ಬಂತು ಎಂದರು ಮೇಡಂ. ಬಾಯಿ ನಮ್ಮ ಆಶ್ರಮದ್ದು ಎಂದರು ದೊಡ್ಡವರು. ಅಸ್ತಿತ್ವದಲ್ಲೇ ಇಲ್ಲದ ಒಂದು ವಸ್ತುವಿನ ಒಡೆತನಕ್ಕಾಗಿ ಎರಡು ದೇಶಗಳು ಹೀಗೆ ಹೊಡೆದಾಡುತ್ತಿರಲು, ನಡುವೆ ಸಿಕ್ಕ ದುಭಾಷಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೈಮುಗಿಯುತ್ತ, ಕೊನೆಗೆ ದೊಡ್ಡವರ ಮಾತನ್ನು ದೊಡ್ಡವರಿಗೇ ಹೇಳತೊಡಗಿದ.

ಅತ್ತೆ ಮೇಜಿನ ಮೇಲೆ ಕೈ ಬಡಿದರು. ಒಂದೇ ಏಟು. ಎರಡೂ ದೇಶಗಳು ಕೂತವು.

"ಅಭ್ಯರ್ಥಿ ಇನ್ನೂ ಕೂತಿದಾನೆ," ಎಂದರು.

ಆಮೇಲೆ ಕೇಳಿದವರು ಕಂಡಕ್ಟರ್ ತಾತ. ಮಾತು ಮೆತ್ತಗಿತ್ತು. "ನಿನ್ನ ಚಕ್ರ ಒಳ್ಳೇದೇ ಮಗಾ. ಆದ್ರೆ ಒಂದು ಹೇಳು. ಸೋಮವಾರ ಬಂದ್ರೆ ನನ್ನ ಸ್ನಾನದ ಮನೇಲಿ ಏನಾಗುತ್ತೆ, ಗೊತ್ತಾ?"

"ಪಾಳಿ ಬದಲಾಗುತ್ತೆ ತಾತ."

"ಕೈ ಬದಲಾಗುತ್ತೆ. ಓಡೋ ಬಸ್ಸಲ್ಲಿ ಕಂಬಿ ಹಿಡೀದೆ ನಿಂತವನು ನಾನು, ಒಂದು ದಿನ ಬಿದ್ದಿಲ್ಲ. ಈಗ ಒದ್ದೆ ನೆಲ ನೋಡಿದ್ರೆ ಮೊಣಕಾಲು ನಡುಗುತ್ತೆ. ಯಾರೋ ರಟ್ಟೆ ಹಿಡೀತಾರೆ. ಗಟ್ಟಿ ಹಿಡಿಯೋರೋ, ಬಿಟ್ಟುಬಿಡೋರೋ, ನಂಗೊತ್ತಿಲ್ಲ. ವಾರ ಪೂರ್ತಿ ಹೆದರ್ಕೊಂಡು ಆ ಕೈ ಗುರುತು ಮಾಡ್ಕೊತೀನಿ. ಸರಿ, ಇವರು ಬಿಡಲ್ಲ ಅಂತ ಅನ್ನಿಸೋ ಹೊತ್ತಿಗೆ ನೀನು ಚಕ್ರ ತಿರುಗಿಸ್ತೀಯ."

ಬಾಗಿಲಲ್ಲಿ ನಿಂತಿದ್ದ ಸಹಾಯಕಿಯೊಬ್ಬಳು, ತನಗೂ ಹಾಗೆಯೇ, ಒಬ್ಬರ ಮೈಯ ನೋವು ಎಲ್ಲೆಲ್ಲಿ ಎಂದು ತಿಳಿಯುವಷ್ಟರಲ್ಲಿ ಇನ್ನೊಬ್ಬರ ಬಳಿ ಹೋಗಬೇಕು, ಅದಕ್ಕೇ ಬಿಟ್ಟುಹೋಗೋಣ ಅನ್ನಿಸುತ್ತದೆ ಎಂದು ಯಾರಿಗೂ ಅಲ್ಲದಂತೆ ಹೇಳಿದಳು. ಪಾಳಿಯಪ್ಪ ಅವಳ ಕಡೆ ತಿರುಗಿ ನೋಡಿದ. ಕೆಲಸ ಬಿಟ್ಟುಹೋದವರ ಹೆಸರುಗಳನ್ನು ಒಳಬಿಲ್ಲೆಯಿಂದ ಉಜ್ಜಿ ಉಜ್ಜಿ ಅಳಿಸಿ ಆ ರಟ್ಟು ಎಷ್ಟು ತೆಳ್ಳಗಾಗಿತ್ತೆಂಬುದು ಅವನಿಗಷ್ಟೇ ಗೊತ್ತು.

"ಯಾಕೆ ಮಾಡ್ದೆ ಅದನ್ನ?" ಅತ್ತೆ ಕೇಳಿದರು.

ನ್ಯಾಯಕ್ಕಾಗಿ ಎನ್ನಬೇಕೆಂದಿದ್ದ. "ಭಯಕ್ಕೆ," ಎಂದ. "ಒಬ್ಬರನ್ನ ಒಂದು ಕಡೆ ಹಾಕಿದ್ರೆ ಇನ್ನೊಬ್ರು ಬೈತಾರೆ. ತಿರುಗಿಸ್ತಾ ಇದ್ರೆ ಬೈಸ್ಕೊಳ್ಳೋದು ಚಕ್ರ. ನಾನಲ್ಲ."

ಟೈಲರ್ ಅಜ್ಜಿಗೆ ಇದಾವುದೂ ಕೇಳಿಸಿರಲಿಲ್ಲ. ಅವರು ಮೇಜಿನ ಮೇಲಿಂದ ಕೈ ಚಾಚಿ ಅವನ ಅಂಗೈಯನ್ನು ಎಳೆದುಕೊಂಡು, ಬಟ್ಟೆಯ ನೇಯ್ಗೆ ನೋಡುವವರಂತೆ ತಿರುವಿ ತಿರುವಿ ನೋಡಿದರು. ನೀರು ಮುಟ್ಟಿದ ಕೈಯಲ್ಲ, ಆದರೆ ಎಲೆಯ ಹಾಗೆ ಅಲುಗುತ್ತಿದೆ ಎಂದು ತೀರ್ಪಿತ್ತು ವಾಪಸು ಕೊಟ್ಟರು.

ಪೀಠದ ಮೂರು ತಲೆಗಳು ಒಂದಾದವು. ಅಜ್ಜಿಗೆ ಕೇಳಿಸಲೆಂದು ಗುಟ್ಟಿನ ಮಾತನ್ನು ಕೂಗಿಯೇ ಆಡಬೇಕಾದ್ದರಿಂದ ಸಮಾಲೋಚನೆ ಬೀದಿಯವರೆಗೂ ಕೇಳಿಸಿತು. ಅತ್ತೆ ಬೇಡ ಎಂದರು. ನಮ್ಮ ಹುಡುಗಿಯ ಗಂಡನೆಂದು ನಾನು ಬಿಟ್ಟೇನೆ ಎಂದರು. ಅಜ್ಜಿ, ಅರ್ಧ ಬೇಕು ಅರ್ಧ ಬೇಡ ಎಂದರು. ಎಲ್ಲರ ಕಣ್ಣೂ ಕಂಡಕ್ಟರ್ ತಾತನ ಮೇಲೆ ನೆಟ್ಟಿತು. ಒಗೆತದ ಕೋಣೆಯ ಹಿಂದಿನ ಎರಡು ಕೋಣೆಗಳು ಈಗ ಒಬ್ಬ ಮುದುಕನ ನಾಲಿಗೆಯ ಮೇಲಿದ್ದವು.

"ಇವತ್ತಿನ ಗಲಾಟೇಲಿ ನನ್ನ ಸ್ನಾನ ಆಗಿಲ್ಲ," ಎಂದರು ತಾತ. "ಇವನೇ ಮಾಡಿಸ್ಲಿ. ಆಮೇಲೆ ಹೇಳ್ತೀನಿ."

ಮೆರವಣಿಗೆ ಮೇಲಂತಸ್ತಿಗೆ ಹತ್ತಿತು. ಮುಂದೆ ತಾತ, ತಾತನ ರಟ್ಟೆ ಹಿಡಿದ ಪಾಳಿಯಪ್ಪ, ಹಿಂದೆ ಊರುಗೋಲಿನ ಅತ್ತೆ, ಮೇಡಂ, ದುಭಾಷಿ, ದೊಡ್ಡವರು, ಅವರ ಹಿಂದೆ ಉಳಿದ ಸಮಸ್ತರು. ಸ್ನಾನದ ಮನೆಯ ಬಾಗಿಲು ಅವರಿಬ್ಬರ ಹಿಂದೆ ಮುಚ್ಚಿತು.

ಬಿಳಿ ಟೈಲ್ಸಿನ ನೆಲ. ಗೋಡೆಗೊಂದು ಉಕ್ಕಿನ ಕಂಬಿ. ಪ್ಲಾಸ್ಟಿಕ್ ಸ್ಟೂಲು, ಬಕೆಟು, ಮಗ್ಗು. ಇವಿಷ್ಟೂ ಚಕ್ರದ ಅಂಚಿನಲ್ಲಿ ಎರಡು ಪದಗಳಾಗಿದ್ದವು: ಮೇಲಂತಸ್ತಿನ ಸ್ನಾನ. ನೆಲ ಇಷ್ಟು ಹೊಳೆಯುತ್ತದೆಂದು ಆ ಪದಗಳಲ್ಲಿ ಎಲ್ಲೂ ಇರಲಿಲ್ಲ. ತಾತ ಟವಲು ಸುತ್ತಿಕೊಂಡು ನಿಂತರು. ಬಟ್ಟೆಯೊಳಗೆ ಗಟ್ಟಿಯಾಗಿ ಕಾಣುತ್ತಿದ್ದ ಮನುಷ್ಯ ಹಕ್ಕಿಯಷ್ಟೇ ಉಳಿದಿದ್ದರು. ಹೊಸ್ತಿಲಿನಷ್ಟು ಎತ್ತರದ ಕಟ್ಟೆಯೊಂದನ್ನು ದಾಟಬೇಕು. ತಾತ ಒಂದು ಕಾಲೆತ್ತಿದರು. ಮೊಣಕಾಲು ನಡುಗಿತು. ಅವರ ಬೆರಳುಗಳು ಪಾಳಿಯಪ್ಪನ ಮಣಿಕಟ್ಟಿಗೆ ಕಚ್ಚಿಕೊಂಡವು.

ಆಗ ಪಾಳಿಯಪ್ಪನಿಗೆ ಹುಟ್ಟಿದ ಭಯದ ಮುಂದೆ ದೊಡ್ಡವರು, ಅತ್ತೆ, ಖಾಯಂ, ಮನೆ ಎಲ್ಲವೂ ಕ್ಷುಲ್ಲಕವಾಗಿ ಕಂಡವು. ಈ ಮನುಷ್ಯ ಬಿದ್ದರೆ? ತನ್ನ ಕೈಯಿಂದ ಬಿದ್ದರೆ? ಅವನ ಕೈ ನಡುಗತೊಡಗಿತು, ಆಮೇಲೆ ತೋಳು, ಆಮೇಲೆ ಇಡೀ ಮೈ. ತಾತನನ್ನು ಹೇಗೋ ಸ್ಟೂಲಿನ ಮೇಲೆ ಕೂರಿಸಿ ಸೋಪು ತೆಗೆದುಕೊಂಡ, ಜಾರಿತು. ಬಾಗಿ ಎತ್ತಿಕೊಂಡ, ಮತ್ತೆ ಜಾರಿತು. ಮೂರನೆಯ ಬಾರಿ ಬಾಗಿದಾಗ ಅವನ ಕಾಲೇ ಜಾರಿ, ಉಕ್ಕಿನ ಕಂಬಿಯನ್ನು ಅಪ್ಪಿಕೊಂಡು ನೇತಾಡಿದ. ಬಾಗಿಲಾಚೆಯಿಂದ ದೊಡ್ಡವರ ಉಸಿರು ಕೇಳಿಸುತ್ತಿತ್ತು.

"ಏನು ಮಗಾ, ಮೊದಲನೇ ಸಲಾನಾ?" ಎಂದರು ತಾತ.

"ಹೂಂ ತಾತ."

"ಆ ಕೈಲಿ ಕಂಬಿ ಹಿಡ್ಕೋ. ಈ ಕೈ ನನ್ನ ಭುಜದ ಮೇಲಿಡು. ಕಾಲು ಅಗಲಿಸಿ ನಿಲ್ಲು, ಬಸ್ಸಲ್ಲಿ ನಿಲ್ಲೋ ಹಾಗೆ. ಇಬ್ಬರೂ ಬಿದ್ವು ಅಂದ್ರೆ ನಿಮ್ಮತ್ತೆ ಬಂದು ಎತ್ತಲ್ಲ, ನಿಂತು ಪ್ರಶ್ನೆ ಕೇಳ್ತಾರೆ."

ಪಾಳಿಯಪ್ಪ ಕಾಲು ಅಗಲಿಸಿ ನಿಂತ. ಉಸಿರು ತಗೋ ಎಂದರು ತಾತ, ತೆಗೆದುಕೊಂಡ. ಈಗ ಕಂಬಿ ಬಿಟ್ಟು ಮಗ್ಗಿನಲ್ಲಿ ಅರ್ಧ ಮಾತ್ರ ನೀರು ತಗೋ, ನಿಧಾನವಾಗಿ, ನನಗೇನೂ ಆಗಲ್ಲ ಎಂದರು. ಅವನು ಹುಯ್ದ, ಸೋಪು ಹಚ್ಚಿದ, ಇನ್ನರ್ಧ ಮಗ್ಗು ಹುಯ್ದ. 

ನೀರು ಬೆನ್ನಮೇಲಿಂದ ಇಳಿಯಿತು. ಆ ಕ್ಷಣದಲ್ಲಿ ತಾತ ತಮ್ಮ ಮೊಣಕಾಲುಗಳನ್ನು ನೋಡಿಕೊಂಡರು. ಅವು ನಡುಗುತ್ತಿರಲಿಲ್ಲ. ಆಮೇಲೆ, ಎಷ್ಟೋ ವರ್ಷಗಳ ಹಿಂದೆ ಕಿಕ್ಕಿರಿದ ಬಸ್ಸಿನ ಕೊನೆಯ ಸೀಟಿಗೂ ಮುಟ್ಟುತ್ತಿದ್ದ ಕಂಠದಲ್ಲಿ ಬಾಗಿಲ ಕಡೆಗೆ ಕೂಗಿದರು.

"ಅಮ್ಮಾ ಇನ್‌ಸ್ಪೆಕ್ಟ್ರೇ, ಇವನನ್ನ ಇಟ್ಕೊಳ್ಳಿ. ಇವನಿಗೆ ನನಗಿಂತ ಜಾಸ್ತಿ ಭಯ. ಇವನಿಗೆ ಧೈರ್ಯ ಹೇಳೋದ್ರಲ್ಲಿ ನಂಗೆ ಹೆದರೋಕೇ ಪುರುಸೊತ್ತಾಗ್ಲಿಲ್ಲ. ಆದ್ರೆ ಆ ಚಕ್ರ ಒಲೆಗೆ ಹಾಕಿ. ಹಿಡಿದ ಕೈ ಬದಲಾಗಬಾರದು."

ಬಾಗಿಲಾಚೆ ಊರುಗೋಲು ಒಮ್ಮೆ ನೆಲಕ್ಕೆ ತಾಗಿದ ಸದ್ದು.

"ಸರಿ, ಇರ್ಲಿ," ಎಂದರು ಅತ್ತೆ. "ಖಾಯಂ."

ಅವನ ಹೆಂಡತಿ ಎಲ್ಲಿಯೋ ಮೂಗೆಳೆದುಕೊಂಡದ್ದು ಕೇಳಿಸಿತು. ಪಾಳಿಯಪ್ಪನ ಕಣ್ಣಿಗೆ ಸೋಪು ಹೋಗಿತ್ತು, ಅಥವಾ ಹೋಗಿದೆಯೆಂದು ಅವನು ಭಾವಿಸಿದ. ಮೈಯೆಲ್ಲ ಹಗುರಾಯಿತು. ಆದರೆ ಅಷ್ಟರಲ್ಲಿ ದುಭಾಷಿಯ ಸಣ್ಣ ದನಿ ಬಾಗಿಲ ಸಂದಿನಿಂದ ತೂರಿಬಂತು. ಮೇಡಂ ಕೇಳುತ್ತಿದ್ದಾರೆ, ಹಿರಿಯರಿಗಿಂತ ಹೆಚ್ಚು ಹೆದರುವವರನ್ನೇ ಆರಿಸಬೇಕು ಎಂಬುದು ಇಲ್ಲಿನ ನಿಯಮವೇ? ಅವರ ಜಿಲ್ಲೆಯಲ್ಲಿ ಈವರೆಗೆ ಧೈರ್ಯಸ್ಥರನ್ನೇ ತೆಗೆದುಕೊಳ್ಳುತ್ತಿದ್ದರಂತೆ. ಅವರನ್ನೆಲ್ಲ ಈಗ ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೋ ಏನೋ.

"ನಮ್ಮಲ್ಲಿ ಮೊದಲಿನಿಂದ್ಲೂ ಹಾಗೇನೇ," ಎಂದ ದೊಡ್ಡವರ ದನಿ ಗಂಭೀರವಾಗಿ ಕೇಳಿಸಿತು. "ನಾನೇ ಶುರು ಮಾಡಿದ್ದು."

ಪೆನ್ನಿನ ಕ್ಯಾಪು ತೆಗೆದ ಸದ್ದಾಯಿತು. ಪಾಳಿಯಪ್ಪನ ಕಣ್ಣಮುಂದೆ, ಸಮುದ್ರದಾಚೆಯ ಯಾವುದೋ ಊರಿನಲ್ಲಿ, ತಪ್ಪೇನೆಂದೇ ತಿಳಿಯದೆ ಸಾಲಾಗಿ ನಿಂತ ಧೈರ್ಯಸ್ಥ ಕೆಲಸಗಾರರು ಸುಳಿದರು. ಅವನು ಬಾಗಿಲಿನತ್ತ ತಿರುಗಿ, ಬರೀಬೇಡಿ ಎಂದು ಕೂಗಲು ಬಾಯಿ ತೆರೆದ. ತಾತ ತಮ್ಮ ಭುಜದ ಮೇಲಿದ್ದ ಅವನ ಕೈಯ ಮಣಿಕಟ್ಟನ್ನು ಹಿಡಿದುಕೊಂಡರು.

"ಅಲ್ಲೇನು ನೋಡ್ತೀಯ?" ಎಂದರು. "ಬೆನ್ನಲ್ಲಿನ್ನೂ ಸೋಪಿದೆ. ನೀರು ಹಾಕು."